ಗಿಟ್ಟೋ, ಎಸ್‌ವಿಎನ್ನೋ? ಮೊದಲು ನಿಮ್ಮ ಫೈಲುಗಳನ್ನು ನೋಡಿ

ಓದುಗರ ಪ್ರಶ್ನೆ: ನಾನು ಪ್ರೋಗ್ರಾಮರ್ ಆಗಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ನಮ್ಮ ಟೀಮಿನಲ್ಲಿ ಬಿಡುವು ಸಿಕ್ಕಾಗಲೆಲ್ಲ ವರ್ಷನ್ ಕಂಟ್ರೋಲ್, ಅಂದರೆ ಫೈಲುಗಳ ಬದಲಾವಣೆಗಳ ದಾಖಲೆ ಇಡುವ ಟೂಲುಗಳ ಬಗ್ಗೆಯೇ ಮಾತು. ಒಬ್ಬರು ಗಿಟ್ ಬಿಟ್ಟರೆ ಬೇರೇನೂ ಬೇಡ ಅನ್ನುತ್ತಾರೆ. ಹಿರಿಯರೊಬ್ಬರು ಎಸ್‌ವಿಎನ್ ಇದ್ದಾಗಲೇ ನೆಮ್ಮದಿ ಇತ್ತು ಅನ್ನುತ್ತಾರೆ. ಇನ್ನೊಬ್ಬರಿಗೆ ಮರ್ಕ್ಯುರಿಯಲ್ ಅಂದರೆ ಪ್ರಾಣ. ನನಗೆ ಬರುವುದು ಗಿಟ್ ಮಾತ್ರ, ಅದೂ ನಾಲ್ಕೈದು ಕಮಾಂಡ್. ನಿಜಕ್ಕೂ ಇವುಗಳಲ್ಲಿ ಯಾವುದು ಒಳ್ಳೆಯದು?

ಉತ್ತರ: ನೀವು ಬರೆಯುವುದು ಬಹುಪಾಲು ಕೋಡ್ ಆಗಿದ್ದರೆ ಗಿಟ್ ಕಲಿಯಿರಿ, ಚೆನ್ನಾಗಿ ಕಲಿಯಿರಿ. ಆದರೆ ನಿಮ್ಮ ಹಿರಿಯರ ಮಾತನ್ನು ತಳ್ಳಿಹಾಕಬೇಡಿ. ಅವರು ಹೇಳುವುದರಲ್ಲಿ ಹುರುಳಿದೆ.

ಈ ಚರ್ಚೆಯಲ್ಲಿ ನಾನೂ ವರ್ಷಗಟ್ಟಲೆ ಕೂತಿದ್ದೇನೆ. ಅದು ಬಗೆಹರಿಯದೇ ಇರುವುದಕ್ಕೆ ಒಂದು ಕಾರಣವಿದೆ. ಮಾತಾಡುವವರು ಒಬ್ಬೊಬ್ಬರೂ ಒಂದೊಂದು ಬಗೆಯ ಫೈಲನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ, ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹಾಗಾಗಿ ಯಾವ ಟೂಲ್ ಒಳ್ಳೆಯದು ಎಂದು ಕೇಳುವ ಮೊದಲು ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಒಂದೇ ಫೈಲನ್ನು ಇಬ್ಬರು ತಿದ್ದಿದರೆ, ಆ ಎರಡು ತಿದ್ದುಪಡಿಗಳನ್ನು ಆಮೇಲೆ ಜೋಡಿಸಲು ಆಗುತ್ತದಾ?

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಸರ್ವರ್ ಉತ್ತರ ಕೊಡದಿದ್ದರೆ ಎಷ್ಟು ಸಲ ಮತ್ತೆ ಪ್ರಯತ್ನಿಸಬೇಕು ಎಂದು ಹೇಳುವ ಒಂದು ಸಾಲು ನಿಮ್ಮ ಕೋಡಿನಲ್ಲಿದೆ. ಅಲ್ಲಿ 3 ಎಂದಿದೆ. ನೀವು ಅದನ್ನು 5 ಮಾಡಿದಿರಿ. ಅದೇ ದಿನ ನಿಮ್ಮ ಸಹೋದ್ಯೋಗಿ ತಮ್ಮ ಬ್ರಾಂಚಿನಲ್ಲಿ, ಅಂದರೆ ಬೇರೆಯಾಗಿ ನಡೆಸುವ ಕವಲಿನಲ್ಲಿ, 10 ಮಾಡಿದ್ದಾರೆ. ಎರಡನ್ನೂ ಜೋಡಿಸುವಾಗ, ಅಂದರೆ ಮರ್ಜ್ ಮಾಡುವಾಗ, ಗಿಟ್ ಮೂರು ಪ್ರತಿಗಳನ್ನು ನೋಡುತ್ತದೆ. ನಿಮ್ಮದು, ಅವರದು, ಇಬ್ಬರೂ ಶುರು ಮಾಡಿದ ಹಳೆಯದು. ಒಂದು ಸಾಲನ್ನು ಒಬ್ಬರೇ ತಿದ್ದಿದ್ದರೆ ಆ ತಿದ್ದುಪಡಿಯನ್ನು ಗಿಟ್ ತಾನೇ ತೆಗೆದುಕೊಳ್ಳುತ್ತದೆ. ಇಲ್ಲಿ ಇಬ್ಬರೂ ತಿದ್ದಿದ್ದಾರೆ, ಬೇರೆ ಬೇರೆಯಾಗಿ ತಿದ್ದಿದ್ದಾರೆ. ಆದ್ದರಿಂದ ಅದು ನಿಂತುಬಿಡುತ್ತದೆ. ಫೈಲಿನೊಳಗೆ ಬಾಣದಂಥ ಏಳು ಗುರುತು ಹಾಕಿ ನಿಮ್ಮ 5 ತೋರಿಸುತ್ತದೆ. ನಡುವೆ ======= ಎಂದು ಗೆರೆ ಎಳೆಯುತ್ತದೆ. ಕೆಳಗೆ ಅವರ 10, ಮತ್ತೆ ಏಳು ಬಾಣ.

ಇದೇ ಕಾನ್‌ಫ್ಲಿಕ್ಟ್. ಹೊಸಬರು ಇದನ್ನು ಕಂಡರೆ ಏನೋ ಕೆಟ್ಟುಹೋಯಿತು ಎಂದು ಗಾಬರಿಯಾಗುತ್ತಾರೆ. ಏನೂ ಕೆಟ್ಟಿಲ್ಲ. 5 ಸರಿಯೋ 10 ಸರಿಯೋ ಎನ್ನುವುದು ಯಾವ ಟೂಲಿಗೂ ಗೊತ್ತಾಗುವ ವಿಷಯವಲ್ಲ. ನೀವು ಎದ್ದು ಹೋಗಿ ಆ ಸಹೋದ್ಯೋಗಿಯನ್ನು ಕೇಳಬೇಕು. ಗಿಟ್ ನಿಮಗೆ ಹೇಳುತ್ತಿರುವುದು ಅಷ್ಟೇ.

ಈಗ ಇದೇ ಜಾಗದಲ್ಲಿ ಒಂದು ಫೋಟೊಶಾಪ್ ಫೈಲನ್ನು ಇಡಿ. ಅಥವಾ ಆಟವೊಂದಕ್ಕೆ ಮಾಡಿದ ತ್ರೀಡಿ ಗೊಂಬೆ. ಅದರಲ್ಲಿ ಸಾಲುಗಳೇ ಇಲ್ಲ. ಇಬ್ಬರು ತಿದ್ದಿದರೆ ಒಬ್ಬರ ಕೆಲಸವನ್ನು ಬಿಡಲೇಬೇಕು. ಎರಡು ದಿನ ಕೂತು ಮಾಡಿದ ಚಿತ್ರ ದಂಡ. ಇಂಥ ಕಡೆ ಬೇಕಿರುವುದು ಮರ್ಜ್ ಅಲ್ಲ, ಬೀಗ. ನಾನು ತಿದ್ದುತ್ತಿದ್ದೇನೆ, ಮುಗಿಯುವವರೆಗೆ ಯಾರೂ ಮುಟ್ಟಬೇಡಿ ಎಂದು ಹೇಳುವ ಲಾಕ್.

ವರ್ಷನ್ ಕಂಟ್ರೋಲಿನ ಇಡೀ ಕಥೆ ಈ ಎರಡು ದಾರಿಗಳ ನಡುವೆಯೇ ನಡೆದಿದೆ ಅನ್ನಬಹುದು. 1972ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಕ್‌ಕೈಂಡ್ ಬರೆದ ಎಸ್‌ಸಿಸಿಎಸ್, 1982ರ ಸುಮಾರಿಗೆ ವಾಲ್ಟರ್ ಟಿಚಿ ಬರೆದ ಆರ್‌ಸಿಎಸ್, ಎರಡೂ ಬೀಗದ ದಾರಿ ಹಿಡಿದವು. ಒಂದು ಫೈಲು ಒಬ್ಬರ ಕೈಯಲ್ಲಿದ್ದರೆ ಉಳಿದವರು ಕಾಯಬೇಕು. 1986ರಲ್ಲಿ ಡಿಕ್ ಗ್ರೂನ್ ಎಂಬ ಅಧ್ಯಾಪಕರಿಗೆ ಇದು ಸರಿಹೋಗಲಿಲ್ಲ. ಅವರು ಇಬ್ಬರು ವಿದ್ಯಾರ್ಥಿಗಳ ಜೊತೆ ಒಂದು ಸಿ ಕಂಪೈಲರ್ ಮೇಲೆ ಕೆಲಸ ಮಾಡುತ್ತಿದ್ದರು. ಮೂವರ ಹೊತ್ತೂ ಹೊಂದುತ್ತಿರಲಿಲ್ಲ. ಒಬ್ಬ ವಿದ್ಯಾರ್ಥಿಯದು ಹಗಲಿನ ಗೊತ್ತಾದ ವೇಳೆ, ಇನ್ನೊಬ್ಬನದು ಹೊತ್ತುಗೊತ್ತಿಲ್ಲದ ಕೆಲಸ, ಗ್ರೂನ್ ಅವರಿಗೆ ಬಿಡುವಾಗುತ್ತಿದ್ದುದು ಸಂಜೆ ಮಾತ್ರ. ಒಬ್ಬರು ಬೀಗ ಹಾಕಿಕೊಂಡು ಮನೆಗೆ ಹೋದರೆ ಇನ್ನಿಬ್ಬರು ಏನು ಮಾಡಬೇಕು? ಅವರು ಬರೆದ ಶೆಲ್ ಸ್ಕ್ರಿಪ್ಟುಗಳೇ ಮುಂದೆ ಸಿವಿಎಸ್ ಆಯಿತು. ಎಲ್ಲರೂ ತಮ್ಮ ಪಾಡಿಗೆ ತಿದ್ದಿ, ಆಮೇಲೆ ಜೋಡಿಸಿಕೊಳ್ಳೋಣ ಎನ್ನುವ ಅಭ್ಯಾಸ ಬಹುಮಟ್ಟಿಗೆ ಅಲ್ಲಿಂದ ಹರಡಿತು. ಮೂರು ಜನರ ವೇಳಾಪಟ್ಟಿ ಹೊಂದದೇ ಹುಟ್ಟಿದ ಟೂಲ್ ಅದು. ನನಗೆ ಈ ಕಥೆ ತುಂಬ ಇಷ್ಟ.

ಸಿವಿಎಸ್‌ನಲ್ಲಿ ಒಂದು ದೊಡ್ಡ ತೊಂದರೆ ಇತ್ತು. ಹತ್ತು ಫೈಲು ಕಮಿಟ್ ಮಾಡುವಾಗ, ಅಂದರೆ ತಿದ್ದಿದ್ದನ್ನು ದಾಖಲಿಸುವಾಗ, ನಡುವೆ ನೆಟ್‌ವರ್ಕ್ ಹೋದರೆ, ಐದು ಹೋಗಿ ಐದು ಉಳಿಯುತ್ತಿದ್ದವು. ನಿಮ್ಮ ಹಿರಿಯರು ಪ್ರೀತಿಸುವ ಎಸ್‌ವಿಎನ್, ಅಂದರೆ ಸಬ್‌ವರ್ಷನ್, ಇಂಥ ತೊಂದರೆಗಳನ್ನು ಸರಿಪಡಿಸಲೆಂದೇ 2000ದಲ್ಲಿ ಶುರುವಾಯಿತು. 2004ರ ಫೆಬ್ರವರಿಯಲ್ಲಿ ಅದರ 1.0 ಬಂತು. ಕಮಿಟ್ ಮಾಡಿದರೆ ಪೂರ್ತಿ ಹೋಗುತ್ತದೆ, ಇಲ್ಲವಾದರೆ ಏನೂ ಹೋಗುವುದಿಲ್ಲ. ಇಡೀ ರೆಪೊಗೆ, ಅಂದರೆ ಫೈಲುಗಳೂ ಅವುಗಳ ಇತಿಹಾಸವೂ ಇರುವ ಸಂಗ್ರಹಕ್ಕೆ, ಒಂದೇ ಸಾಲಿನ ಅಂಕಿ. ರಿವಿಷನ್ 4182ರಲ್ಲಿ ಕೆಟ್ಟಿದೆ, 4181ರಲ್ಲಿ ಚೆನ್ನಾಗಿತ್ತು ಎಂದು ಫೋನಿನಲ್ಲೇ ಹೇಳಬಹುದು. ಗಿಟ್‌ನಲ್ಲಿ ಇರುವುದು 40 ಅಕ್ಷರಗಳ ಹ್ಯಾಶ್, ಅಂದರೆ ಲೆಕ್ಕಹಾಕಿ ಹುಟ್ಟಿಸಿದ ಗುರುತು. ಅದನ್ನು ನೋಡಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಹಿರಿಯರು ನೆಮ್ಮದಿ ಅನ್ನುವಾಗ ಅವರ ಮನಸ್ಸಿನಲ್ಲಿ ಬಹುಶಃ ಈ ಅಂಕಿ ಇರುತ್ತದೆ.

ಹಾಗಾದರೆ ಗಿಟ್ ಯಾಕೆ ಆ ಸುಲಭದ ಅಂಕಿಯನ್ನು ಬಿಟ್ಟಿತು? ಅಂಕಿ ಹಂಚಲು ನಡುವೆ ಒಬ್ಬರು ಬೇಕು. ಎಸ್‌ವಿಎನ್‌ನಲ್ಲಿ ಸರ್ವರ್ ಆ ಕೆಲಸ ಮಾಡುತ್ತದೆ. ಗಿಟ್‌ನಲ್ಲಿ ನೀವು ರೈಲಿನಲ್ಲಿ ಕೂತು, ನೆಟ್ ಇಲ್ಲದೆ, ಕಮಿಟ್ ಮಾಡಬಹುದು. ಅದೇ ಹೊತ್ತಿಗೆ ಇನ್ನೊಬ್ಬರು ಇನ್ನೆಲ್ಲೋ ಕಮಿಟ್ ಮಾಡುತ್ತಿರುತ್ತಾರೆ. 4183 ಯಾರಿಗೆ ಸೇರಬೇಕು? ಹೇಳುವವರೇ ಇಲ್ಲ. ಅದಕ್ಕೇ ಕಮಿಟ್‌ನ ಒಳಗೆ ಏನಿದೆಯೋ ಅದರಿಂದಲೇ ಹೆಸರು ಹುಟ್ಟುತ್ತದೆ. ಒಂದು ಅಕ್ಷರ ಬದಲಾದರೂ ಹ್ಯಾಶ್ ಪೂರ್ತಿ ಬದಲಾಗುತ್ತದೆ.

ಇದರಿಂದ ಏನು ಲಾಭ ಅಂತ ನನಗೆ ಅರ್ಥವಾಗಿದ್ದು ಒಂದು ಕೆಟ್ಟ ದಿನ. ಆಗ ನಾನಿದ್ದ ಕಡೆ ಎಲ್ಲ ಕೋಡೂ ಒಂದು ಎಸ್‌ವಿಎನ್ ಸರ್ವರಿನಲ್ಲಿತ್ತು. ಒಂದು ಬೆಳಿಗ್ಗೆ ಅದರ ಡಿಸ್ಕ್ ಹೋಯಿತು. ಸಿಕ್ಕ ಬ್ಯಾಕಪ್ ಮೂರು ವಾರ ಹಳೆಯದು. ಕೋಡ್ ಹೇಗೋ ಉಳಿಯಿತು. ಎಲ್ಲರ ಕಂಪ್ಯೂಟರಿನಲ್ಲೂ ಇತ್ತೀಚಿನ ಪ್ರತಿ ಇತ್ತಲ್ಲ. ಆದರೆ ಎಸ್‌ವಿಎನ್‌ನಲ್ಲಿ ನಮ್ಮ ಬಳಿ ಇರುವುದು ಆ ಪ್ರತಿ ಮಾತ್ರ, ಇತಿಹಾಸವೆಲ್ಲ ಸರ್ವರಿನಲ್ಲಿ. ಮೂರು ವಾರಗಳಲ್ಲಿ ಯಾರು ಏನು ಬದಲಿಸಿದರು, ಯಾಕೆ ಬದಲಿಸಿದರು, ಎಲ್ಲ ಹೋಯಿತು. ಎರಡು ತಿಂಗಳಾದ ಮೇಲೆ ಒಂದು ಬಗ್ ಹುಡುಕುತ್ತಾ ಒಂದು ವಿಚಿತ್ರವಾದ ಷರತ್ತಿನ ಸಾಲಿಗೆ ಬಂದು ನಿಂತೆವು. ಆ ಮೂರು ವಾರಗಳಲ್ಲೇ ಸೇರಿದ್ದ ಸಾಲು ಅದು. ತೆಗೆಯಲು ಧೈರ್ಯವಿಲ್ಲ, ಬಿಡಲು ಮನಸ್ಸಿಲ್ಲ. ಬರೆದವರಿಗೇ ನೆನಪಿರಲಿಲ್ಲ. ಗಿಟ್ ಆಗಿದ್ದರೆ ಪ್ರತಿಯೊಬ್ಬರ ಕ್ಲೋನಿನಲ್ಲೂ, ಅಂದರೆ ಇಳಿಸಿಕೊಂಡ ಪ್ರತಿಯಲ್ಲೂ, ಅಲ್ಲಿಯವರೆಗಿನ ಇತಿಹಾಸ ಇರುತ್ತಿತ್ತು. ಯಾರಾದರೂ ಒಬ್ಬರು ಅದನ್ನು ಸರ್ವರಿಗೆ ಪುಶ್ ಮಾಡಿದ್ದರೆ, ಅಂದರೆ ವಾಪಸ್ ಕಳಿಸಿದ್ದರೆ, ಸಾಕಿತ್ತು. ತಪ್ಪು ಎಸ್‌ವಿಎನ್‌ದಲ್ಲ, ಬ್ಯಾಕಪ್ ನೋಡಿಕೊಳ್ಳದ ನಮ್ಮದು. ಆದರೂ ಅಂಥ ತಪ್ಪನ್ನು ತಡೆದುಕೊಳ್ಳುವ ಟೂಲ್ ಮೇಲೆ ನನಗೆ ಅವತ್ತಿನಿಂದ ಜಾಸ್ತಿ ಒಲವು.

ಇನ್ನು ಮರ್ಕ್ಯುರಿಯಲ್. ಗಿಟ್ ಮತ್ತು ಮರ್ಕ್ಯುರಿಯಲ್ ಒಂದೇ ತಿಂಗಳಲ್ಲಿ, ಒಂದೇ ಕಾರಣಕ್ಕೆ ಹುಟ್ಟಿದವು. ಲಿನಕ್ಸ್ ಕರ್ನಲ್ ತಂಡ 2002ರಿಂದ ಬಿಟ್‌ಕೀಪರ್ ಎಂಬ ಖಾಸಗಿ ಟೂಲನ್ನು ಉಚಿತವಾಗಿ ಬಳಸುತ್ತಿತ್ತು. 2005ರ ಏಪ್ರಿಲಿನಲ್ಲಿ ಆ ಉಚಿತ ಅನುಮತಿ ಕೈತಪ್ಪಿತು. ಲಿನಕ್ಸ್ ಸೃಷ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಏಪ್ರಿಲ್ 3ರಂದು ಗಿಟ್ ಬರೆಯಲು ಕೂತರು. 7ರ ಹೊತ್ತಿಗೆ ಗಿಟ್ ತನ್ನದೇ ಕೋಡನ್ನು ತಾನೇ ಇಟ್ಟುಕೊಳ್ಳುವಷ್ಟಾಗಿತ್ತು. ಅದೇ ತಿಂಗಳು ಒಲಿವಿಯಾ ಮ್ಯಾಕಾಲ್ ಮರ್ಕ್ಯುರಿಯಲ್ ಪ್ರಕಟಿಸಿದರು. ಕಮಾಂಡುಗಳ ಅಚ್ಚುಕಟ್ಟು ನೋಡಿದರೆ ಮರ್ಕ್ಯುರಿಯಲ್ ಒಂದು ಕೈ ಮೇಲೆ, ಇದನ್ನು ನಾನು ಒಪ್ಪುತ್ತೇನೆ. ಗಿಟ್‌ನಲ್ಲಿ ಚೆಕ್‌ಔಟ್ ಎಂಬ ಒಂದೇ ಕಮಾಂಡ್ ಬ್ರಾಂಚನ್ನೂ ಬದಲಿಸುತ್ತದೆ, ನೀವು ತಿದ್ದಿದ ಫೈಲನ್ನೂ ಅಳಿಸಿ ಹಳೆಯದನ್ನು ತರುತ್ತದೆ. ಎಷ್ಟು ಜನ ಇದರಿಂದ ಕೆಲಸ ಕಳೆದುಕೊಂಡಿದ್ದಾರೋ. ಇವೆರಡನ್ನೂ ಬೇರೆ ಮಾಡಿ ಸ್ವಿಚ್, ರಿಸ್ಟೋರ್ ಎಂಬ ಕಮಾಂಡುಗಳು ಬಂದಿದ್ದು 2019ರಲ್ಲಿ. ನೀವು ಅವನ್ನೇ ಬಳಸಿ.

ಆದರೂ ಗಿಟ್ ಗೆದ್ದಿತು. 2008ರಲ್ಲಿ ಗಿಟ್ ರೆಪೊಗಳನ್ನು ಇಡುವ ಗಿಟ್‌ಹಬ್ ಎಂಬ ತಾಣ ಬಂತು, ಜನ ಅಲ್ಲಿ ಸೇರಿದರು, ಜನ ಇರುವ ಕಡೆ ಉಳಿದವರೂ ಹೋದರು. ಮರ್ಕ್ಯುರಿಯಲ್‌ಗಾಗಿಯೇ ಶುರುವಾಗಿದ್ದ ಬಿಟ್‌ಬಕೆಟ್ ಎಂಬ ಅಂಥದೇ ತಾಣ ಕೂಡ 2020ರಲ್ಲಿ ಅದನ್ನು ಕೈಬಿಟ್ಟು ಗಿಟ್ ಒಂದನ್ನೇ ಉಳಿಸಿಕೊಂಡಿತು. ಇದು ಗುಣದ ಗೆಲುವು ಮಾತ್ರ ಅಲ್ಲ. ಹಾಗಂತ ಗುಣ ಇಲ್ಲ ಅಂತಲೂ ಅಲ್ಲ. ಗಿಟ್‌ನಲ್ಲಿ ಬ್ರಾಂಚ್ ಅಂದರೆ ಸಾಮಾನ್ಯವಾಗಿ ಒಂದು ಹ್ಯಾಶ್ ಬರೆದಿಟ್ಟ 41 ಬೈಟಿನ ಪುಟ್ಟ ಫೈಲು, ಅಷ್ಟೇ. ಒಂದು ಯೋಚನೆ ಬಂತಾ? ಬ್ರಾಂಚ್ ಮಾಡಿ. ಬೇಡವಾಯಿತಾ? ಅಳಿಸಿ. ಎಸ್‌ವಿಎನ್‌ನಲ್ಲೂ ಬ್ರಾಂಚ್ ಮಾಡುವುದು ಕಷ್ಟವಿರಲಿಲ್ಲ, ಕಷ್ಟವಿದ್ದದ್ದು ವಾಪಸ್ ಸೇರಿಸುವುದು. ಯಾವ ತಿದ್ದುಪಡಿ ಈಗಾಗಲೇ ಮರ್ಜ್ ಆಗಿದೆ ಎಂದು ಅದು ತಾನೇ ನೆನಪಿಡಲು ಶುರು ಮಾಡಿದ್ದು 2008ರ 1.5ರಲ್ಲಿ. ಅಲ್ಲಿಯವರೆಗೆ ನಾವು ಕಾಗದದಲ್ಲಿ ಅಂಕಿ ಬರೆದಿಟ್ಟುಕೊಳ್ಳುತ್ತಿದ್ದೆವು.

ಗಿಟ್ ಒಗ್ಗದ ಜಾಗಗಳೂ ಇವೆ. ಕ್ಲೋನ್ ಮಾಡಿದರೆ ಇಡೀ ಇತಿಹಾಸ ಬರುತ್ತದೆ ಎಂದೆನಲ್ಲ. ಅದೇ ಒಳ್ಳೆಯ ಗುಣ ಇಲ್ಲಿ ಹೊರೆಯಾಗುತ್ತದೆ. 100 ಎಂಬಿಯ ಒಂದು ವಿಡಿಯೊವನ್ನು ಇಪ್ಪತ್ತು ಸಲ ಬದಲಿಸಿದರೆ, ಹೊಸದಾಗಿ ಸೇರಿದವರು ಹತ್ತಿರ ಹತ್ತಿರ 2 ಜಿಬಿ ಇಳಿಸಿಕೊಳ್ಳಬೇಕಾಗುತ್ತದೆ, ಅವರಿಗೆ ಬೇಕಿರುವುದು ಕೊನೆಯದು ಒಂದೇ ಆದರೂ. ಇದಕ್ಕೆಂದು 2015ರಲ್ಲಿ ಗಿಟ್ ಎಲ್‌ಎಫ್‌ಎಸ್ ಬಂತು. ದೊಡ್ಡ ಫೈಲು ಬೇರೆ ಕಡೆ ಇರುತ್ತದೆ, ರೆಪೊದಲ್ಲಿ ಅದರ ವಿಳಾಸ ಮಾತ್ರ. ಅದರಲ್ಲಿ ಲಾಕ್ ಮಾಡುವ ಸೌಲಭ್ಯವೂ ಇದೆ. ಆದರೂ ಗೇಮ್ ಮಾಡುವ ಎಷ್ಟೋ ಸ್ಟುಡಿಯೊಗಳು ಇವತ್ತಿಗೂ ಬೀಗ ಹಾಕಲು ಬಿಡುವ ಪರ್‌ಫೋರ್ಸ್ ಎಂಬ ಟೂಲನ್ನು ಬಿಟ್ಟಿಲ್ಲ. ಅವರ ಫೈಲುಗಳಲ್ಲಿ ಹೆಚ್ಚಿನವು ಮರ್ಜ್ ಆಗದಂಥವು. ಅವರು ಹಠ ಮಾಡುತ್ತಿಲ್ಲ, ಸರಿಯಾದದ್ದನ್ನೇ ಆರಿಸಿಕೊಂಡಿದ್ದಾರೆ. ಒಂದೊಂದು ಫೋಲ್ಡರಿಗೆ ಬೇರೆ ಬೇರೆ ಅನುಮತಿ ಕೊಡಬೇಕಾದಾಗಲೂ ಎಸ್‌ವಿಎನ್ ಸಲೀಸು. ಗಿಟ್‌ನಲ್ಲಿ ಓದಲು ಬಿಟ್ಟರೆ ಇಡೀ ರೆಪೊ ಓದಲು ಬಿಟ್ಟ ಹಾಗೆ.

ತೀರಾ ದೊಡ್ಡ ಕೋಡಿನ ವಿಷಯವೇ ಬೇರೆ. ಮೈಕ್ರೋಸಾಫ್ಟ್ 2017ರಲ್ಲಿ ವಿಂಡೋಸ್ ಕೋಡನ್ನು ಗಿಟ್‌ಗೆ ತಂದಿತು. ಸುಮಾರು 35 ಲಕ್ಷ ಫೈಲು, 300 ಜಿಬಿ. ಬೇಕಾದ ಫೈಲನ್ನು ಬೇಕಾದಾಗ ಮಾತ್ರ ಇಳಿಸಿಕೊಳ್ಳುವ ಒಂದು ಹೊಸ ಫೈಲ್ ಸಿಸ್ಟಮನ್ನೇ ಅದಕ್ಕಾಗಿ ಬರೆಯಬೇಕಾಯಿತು. ನಿಮ್ಮ ಟೀಮಿಗೆ ಈ ಚಿಂತೆ ಸದ್ಯಕ್ಕೆ ಬೇಡ.

ಚರ್ಚೆಯಲ್ಲಿ ಇನ್ನೂ ಕೆಲವು ಹೆಸರು ಕೇಳಿಬರುತ್ತವೆ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಬರೆದವರು ತಮ್ಮ ಕೋಡಿಗೆ ತಾವೇ ಮಾಡಿಕೊಂಡ ಫಾಸಿಲ್ ಬಳಸುತ್ತಾರೆ. ಬಗ್ ಪಟ್ಟಿ, ವಿಕಿ ಎಲ್ಲ ಅದರೊಳಗೇ ಇದೆ. ಜುಜುತ್ಸು ಎಂಬ ಹೊಸದನ್ನು ಗಿಟ್ ರೆಪೊ ಮೇಲೆಯೇ ಓಡಿಸಬಹುದು. ನಿಮ್ಮ ಸಹೋದ್ಯೋಗಿಗಳಿಗೆ ಗೊತ್ತೇ ಆಗದಂತೆ ಅದನ್ನು ಬಳಸಿ ನೋಡಬಹುದು. ಗಿಟ್ ಕೈಗೆ ಹತ್ತಿದ ಮೇಲೆ ಒಮ್ಮೆ ಪ್ರಯತ್ನಿಸಿ.

ಮುಂದಿನ ಸಲ ಚರ್ಚೆ ಎದ್ದಾಗ ನಿಮ್ಮ ಹಿರಿಯರನ್ನು ಒಂದು ಮಾತು ಕೇಳಿ: ಎಸ್‌ವಿಎನ್ ಇದ್ದಾಗ ನೀವು ಯಾವ ಥರದ ಫೈಲುಗಳ ಮೇಲೆ ಕೆಲಸ ಮಾಡುತ್ತಿದ್ದಿರಿ? ಆ ಉತ್ತರದಿಂದ ನೀವು ಕಲಿಯುವುದು ಜಾಸ್ತಿ.

ನಾಲ್ಕೈದು ಕಮಾಂಡ್ ಮಾತ್ರ ಬರುತ್ತದೆ ಎಂದಿರಲ್ಲ, ಅದಕ್ಕೆ ಒಂದನ್ನು ಸೇರಿಸಿಕೊಳ್ಳಿ. ಗಿಟ್ ಎಂದರೆ ಭಯ ಬರುವುದು ಕೆಲಸ ಕಳೆದುಹೋದೀತು ಅಂತ, ಅಲ್ವಾ? ಇವತ್ತೇ ಒಂದು ಖಾಲಿ ಫೋಲ್ಡರಿನಲ್ಲಿ ಹೊಸ ರೆಪೊ ಮಾಡಿ. ಸುಮ್ನೆ ಏನಾದರೂ ಬರೆದು ಮೂರು ಕಮಿಟ್ ಮಾಡಿ. ಆಮೇಲೆ ರಿಸೆಟ್ ಹಾರ್ಡ್ (git reset --hard) ಕೊಟ್ಟು ಮೊದಲ ಕಮಿಟ್‌ಗೆ ಹಿಂತಿರುಗಿ. ಲಾಗ್ ನೋಡಿದರೆ ಕೊನೆಯ ಎರಡು ಕಮಿಟ್ ಇರುವುದಿಲ್ಲ. ಎದೆ ಧಸಕ್ಕೆನ್ನುವುದು ಇಲ್ಲೇ. ಈಗ ಗಿಟ್ ರಿಫ್ಲಾಗ್ (git reflog) ಎಂದು ಕೊಡಿ. ಕಳೆದುಹೋದ ಎರಡೂ ಅಲ್ಲಿ ಹ್ಯಾಶ್ ಸಮೇತ ಕಾಣುತ್ತವೆ. ಮೂರನೆಯದರ ಹ್ಯಾಶ್ ಹಿಡಿದು ಮತ್ತೆ ರಿಸೆಟ್ ಹಾರ್ಡ್ ಕೊಟ್ಟರೆ ಎಲ್ಲ ವಾಪಸ್. ಹೀಗೆ ಕೈಬಿಟ್ಟ ಕಮಿಟ್‌ಗಳ ದಾಖಲೆಯನ್ನು ಗಿಟ್ ಸಾಮಾನ್ಯವಾಗಿ 30 ದಿನ ಇಟ್ಟುಕೊಳ್ಳುತ್ತದೆ. ಆದರೆ ಕಮಿಟ್ ಮಾಡದೇ ಬಿಟ್ಟ ತಿದ್ದುಪಡಿಯನ್ನು ರಿಫ್ಲಾಗ್ ತಂದುಕೊಡುವುದಿಲ್ಲ. ಅದನ್ನೂ ಒಂದು ಸಲ ಬೇಕಂತಲೇ ಕಳೆದು ನೋಡಿ, ಆ ಖಾಲಿ ಫೋಲ್ಡರಿನಲ್ಲೇ.