ನಾಫಿಯಾನ್ 117ರ ಮೂರು ಅಂಕಿಗಳು

ಹೈಡ್ರೋಜನ್ನಿಂದ ವಿದ್ಯುತ್ ತೆಗೆಯುವ ಪಾಲಿಮರ್ ಪೊರೆಯ ಫ್ಯೂಯೆಲ್ ಸೆಲ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಇಲ್ಲಿ ಬರೆಯುತ್ತಿಲ್ಲ. ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಆಕ್ಸಿಜನ್, ನಡುವಿನ ಪೊರೆ ದಾಟುವುದು ಪ್ರೋಟಾನ್. ಅಷ್ಟು ಗೊತ್ತಿದ್ದರೆ ಸಾಕು. ಈ ಟಿಪ್ಪಣಿ ಪೂರ್ತಿ ಆ ಪೊರೆಯ ಬಗ್ಗೆ, ಅದರಲ್ಲೂ ನಾಫಿಯಾನ್ 117 ಅನ್ನುವ ಪೊರೆಯ ಬಗ್ಗೆ.

1965ರಲ್ಲಿ ಅಮೆರಿಕದ ಜೆಮಿನಿ 5 ಬಾಹ್ಯಾಕಾಶ ನೌಕೆಯಲ್ಲಿ ಹೋದ ಪೊರೆ ಪಾಲಿಸ್ಟೈರೀನ್ ಜಾತಿಯದ್ದು. ಅದರಲ್ಲಿರುವ ಕಾರ್ಬನ್-ಹೈಡ್ರೋಜನ್ ಬಂಧಗಳನ್ನು ಸೆಲ್ ಒಳಗೆ ಹುಟ್ಟುವ, ಸಿಕ್ಕಿದ್ದರ ಜೊತೆ ಪ್ರತಿಕ್ರಿಯಿಸುವ ರ‍್ಯಾಡಿಕಲ್‌ಗಳು ಕಡಿದು ಹಾಕುತ್ತವೆ. ಬಾಳಿಕೆ ಕಡಿಮೆ. 1960ರ ದಶಕದ ಕೊನೆಗೆ ಅಮೆರಿಕದ ರಾಸಾಯನಿಕ ಕಂಪನಿ ಡ್ಯುಪಾಂಟ್‌ನ ವಾಲ್ಟರ್ ಗ್ರೋಟ್ ನಾಫಿಯಾನ್ ರೂಪಿಸಿದರು. ಬೆನ್ನೆಲುಬು ಟೆಫ್ಲಾನ್ ಥರದ್ದು, ಪಕ್ಕಕ್ಕೆ ಚಾಚಿದ ಸರಪಳಿಯ ತುದಿಯಲ್ಲಿ ಸಲ್ಫೋನಿಕ್ ಆಮ್ಲ. ಕಾರ್ಬನ್ ಪಕ್ಕ ಹೈಡ್ರೋಜನ್ ಇರಬೇಕಾದ ಜಾಗದಲ್ಲೆಲ್ಲ ಫ್ಲೋರಿನ್, ಹಾಗಾಗಿ ಗಟ್ಟಿ. 2024ರ ಜನವರಿಯಲ್ಲಿ ಇಸ್ರೋ ಪೋಯಮ್-3 ವೇದಿಕೆಯಲ್ಲಿ (ಕಕ್ಷೆಯಲ್ಲೇ ಉಳಿಸಿಕೊಂಡ ರಾಕೆಟ್ಟಿನ ಕೊನೆಯ ಹಂತ) ಪರೀಕ್ಷಿಸಿದ 100 ವ್ಯಾಟ್ ವರ್ಗದ ಸೆಲ್ ಕೂಡ ಪಾಲಿಮರ್ ಪೊರೆಯದ್ದೇ.

ಈಗ ಹೆಸರು. 117 ಅಂದರೆ ನೂರಾ ಹದಿನೇಳು ಅಂತ ಓದಬಾರದು. 11 ಬೇರೆ, 7 ಬೇರೆ. ಕೊನೆಯ 7 ದಪ್ಪ: 7 ಮಿಲ್. ಒಂದು ಮಿಲ್ ಇಂಚಿನ ಸಾವಿರದ ಒಂದು ಭಾಗ, 25.4 ಮೈಕ್ರಾನ್. ಅಲ್ಲಿಗೆ ಸುಮಾರು 178 ಮೈಕ್ರಾನ್. ಮೊದಲ 11ನ್ನು ನೂರರಿಂದ ಗುಣಿಸಿದರೆ 1100, ಅದು ಈಕ್ವಿವಲೆಂಟ್ ತೂಕ. ಆದರೆ ನಾಫಿಯಾನ್‌ನದೇ ಇನ್ನೊಂದು ಪೊರೆ 212ಕ್ಕೆ ಇದೇ ಲೆಕ್ಕ ಹಾಕಿ 2100 ಅನ್ನಬೇಡಿ. ಅದು ದ್ರಾವಣದಿಂದ ಎರಕ ಹೊಯ್ದ ಪೊರೆ, ಅದರಲ್ಲಿ ಕೊನೆಯ 2 ಮಾತ್ರ ದಪ್ಪ ಹೇಳುತ್ತದೆ.

ಈಕ್ವಿವಲೆಂಟ್ ತೂಕ ಅಂದರೆ ಒಂದು ಮೋಲ್ ಆಮ್ಲ ಸಿಗಲು ಎಷ್ಟು ಗ್ರಾಂ ಒಣ ಪಾಲಿಮರ್ ಬೇಕು ಅನ್ನುವುದು. ಇಲ್ಲೇ ತಲೆ ಗಿರ‍್ರನೆ ತಿರುಗುವುದು, ಯಾಕೆಂದರೆ ಸಂಖ್ಯೆ ಜಾಸ್ತಿ ಆದಷ್ಟೂ ಆಮ್ಲ ಕಡಿಮೆ. ತಲೆಗೆ ಎಷ್ಟು ಗುಂಟೆ ಜಮೀನು ಅಂತ ಕೇಳಿದ ಹಾಗೆ: ಗುಂಟೆ ಹೆಚ್ಚಿದ್ದರೆ ಜನ ಕಡಿಮೆ ಅಂತ ಅರ್ಥ, ಅಲ್ವಾ? 1000ವನ್ನು 1100ರಿಂದ ಭಾಗಿಸಿದರೆ 0.91. ಒಂದು ಗ್ರಾಂ ಪೊರೆಯಲ್ಲಿ ಅಷ್ಟು ಮಿಲಿಮೋಲ್ ಆಮ್ಲ.

ಸುಮ್ನೆ ಒಪ್ಪಿಕೊಳ್ಳುವ ಬದಲು ಈ 1100 ಎಲ್ಲಿಂದ ಬಂತು ಅಂತ ಎಣಿಸಿ ನೋಡಿ, ಮನಸ್ಸಿಗೆ ಹತ್ತುತ್ತದೆ. ಆಮ್ಲ ಹೊತ್ತ ಘಟಕದಲ್ಲಿ 7 ಕಾರ್ಬನ್, 13 ಫ್ಲೋರಿನ್, 5 ಆಕ್ಸಿಜನ್, ಒಂದು ಸಲ್ಫರ್, ಒಂದು ಹೈಡ್ರೋಜನ್. ಇವುಗಳ ತೂಕ ಕ್ರಮವಾಗಿ 84, 247, 80, 32, 1. ಕೂಡಿದರೆ 444. ಉಳಿದ 656 ಪೂರ್ತಿ ಟೆಟ್ರಾಫ್ಲೋರೋಎಥಿಲೀನ್, ಅಂದರೆ ಟೆಫ್ಲಾನ್ ಕಟ್ಟುವ ಘಟಕ. ಅದರ ಒಂದು ಘಟಕ 100. ಅಂದರೆ ಸರಾಸರಿ ಆರೂವರೆ ಟೆಫ್ಲಾನ್ ಘಟಕಕ್ಕೆ ಒಂದು ಆಮ್ಲದ ಘಟಕ. ಈ ಆರೂವರೆಯನ್ನು ಕಡಿಮೆ ಮಾಡಿದರೆ ಪ್ರೋಟಾನ್ ಸರಾಗವಾಗಿ ಹರಿಯುತ್ತದೆ, ಆದರೆ ಹರಳುಗಟ್ಟಿ ಪೊರೆಯನ್ನು ಹಿಡಿದಿಡುವ ಟೆಫ್ಲಾನ್ ಭಾಗವೂ ಕಡಿಮೆಯಾಗಿ ಅದು ನೀರಲ್ಲಿ ಊದಿಕೊಂಡು ಮೆತ್ತಗಾಗುತ್ತದೆ. ನನ್ನ ಪ್ರಕಾರ ಇಡೀ ಪಾಠದ ತಿರುಳು ಈ ಒಂದು ಲೆಕ್ಕದಲ್ಲಿದೆ.

ನೀರಿನ ಲೆಕ್ಕವೂ ಇದಕ್ಕೇ ಅಂಟಿಕೊಂಡಿದೆ. ಒಂದು ಆಮ್ಲಕ್ಕೆ ಎಷ್ಟು ನೀರಿನ ಅಣು ಅನ್ನುವುದೇ ಲ್ಯಾಂಬ್ಡಾ. ಪೊರೆ ನೀರಲ್ಲೇ ಮುಳುಗಿದ್ದರೆ ಸುಮಾರು 22, ಪೂರ್ತಿ ತೇವದ ಆವಿಯಲ್ಲಿದ್ದರೆ ಸುಮಾರು 14. 22ನ್ನು 18ರಿಂದ ಗುಣಿಸಿದರೆ 396 ಗ್ರಾಂ ನೀರು, 1100 ಗ್ರಾಂ ಪೊರೆಗೆ. ಅಂದರೆ ಶೇಕಡಾ 36. ಲ್ಯಾಂಬ್ಡಾ ಇಳಿದರೆ ವಾಹಕತೆಯೂ, ಅಂದರೆ ಪೊರೆ ಪ್ರೋಟಾನನ್ನು ಎಷ್ಟು ಸರಾಗವಾಗಿ ದಾಟಿಸುತ್ತದೆ ಅನ್ನುವುದೂ, ಇಳಿಯುತ್ತದೆ. ಸ್ಪ್ರಿಂಗರ್ ಮತ್ತು ಸಂಗಡಿಗರು 1991ರಲ್ಲಿ ಕೊಟ್ಟ ಸೂತ್ರದಲ್ಲಿ 30 ಡಿಗ್ರಿ ಸೆಲ್ಸಿಯಸ್‌ಗೆ ಅದು ಸರಳ ರೇಖೆ: ಲ್ಯಾಂಬ್ಡಾವನ್ನು 0.005139ರಿಂದ ಗುಣಿಸಿ 0.00326 ಕಳೆಯಿರಿ. 22ಕ್ಕೆ 0.11 ಸೀಮೆನ್ಸ್ ಪ್ರತಿ ಸೆಂಟಿಮೀಟರ್, 3ಕ್ಕೆ ಬರೀ 0.012. ಒಣಗಿದ ಪೊರೆ ಯಾಕೆ ಕೆಲಸಕ್ಕೆ ಬಾರದು ಅಂತ ಬೇರೆ ಹೇಳಬೇಕಿಲ್ಲ.

ಇನ್ನು ದಪ್ಪ. ವಾಹಕತೆ 0.1 ಅಂತ ಇಟ್ಟುಕೊಳ್ಳಿ. 0.0178 ಸೆಂಟಿಮೀಟರನ್ನು 0.1ರಿಂದ ಭಾಗಿಸಿದರೆ 0.178 ಓಮ್ ಚದರ ಸೆಂಟಿಮೀಟರ್. ಒಂದು ಚದರ ಸೆಂಟಿಮೀಟರಿಗೆ ಒಂದು ಆಂಪಿಯರ್ ಎಳೆದರೆ ಪೊರೆಯೇ 0.18 ವೋಲ್ಟ್ ನುಂಗಿತು. ಸೆಲ್ ಕೊಡುವುದೇ 0.6, 0.7 ವೋಲ್ಟ್ ಇರುವಾಗ ಇದು ಸಣ್ಣ ನಷ್ಟ ಅಲ್ಲ. 2 ಮಿಲ್ ಪೊರೆಯಲ್ಲಿ ಅದೇ ನಷ್ಟ 0.05.

ತೆಳು ಪೊರೆಗೆ ಇನ್ನೊಂದು ಲಾಭ ಇದೆ. ಪ್ರೋಟಾನ್ ಒಂಟಿಯಾಗಿ ಹೋಗುವುದಿಲ್ಲ, ಹೈಡ್ರೋಜನ್ ಬದಿಯ ಆನೋಡ್ ಕಡೆಯ ನೀರನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಆಕ್ಸಿಜನ್ ಬದಿಯ ಕ್ಯಾಥೋಡ್‌ನಲ್ಲಿ ನೀರು ತುಂಬುತ್ತದೆ, ಆನೋಡ್ ಒಣಗುತ್ತದೆ. ದಾರಿ ಚಿಕ್ಕದಿದ್ದರೆ ನೀರು ಬೇಗ ವಾಪಸ್ ಸೋರಿ ಬರುತ್ತದೆ. ಹಾಗಂತ ಎಷ್ಟು ಬೇಕಾದರೂ ತೆಳು ಮಾಡುವಂತಿಲ್ಲ. ಹೈಡ್ರೋಜನ್ ಅನಿಲವೇ ಆಚೆ ದಾಟುವುದು ಹೆಚ್ಚಾಗುತ್ತದೆ. ಪೆರಾಕ್ಸೈಡ್ ಹುಟ್ಟಿ ಪೊರೆಯನ್ನು ತಿನ್ನುತ್ತದೆ. ತೇವ ಏರಿಳಿದಾಗಲೆಲ್ಲ ಊದಿ ಕುಗ್ಗಿ ಪೊರೆ ಸೀಳುತ್ತದೆ. ಅದಕ್ಕೇ ಈಗ ಕಾರುಗಳ ಸೆಲ್‌ನಲ್ಲಿ, ಹಿಗ್ಗಿಸಿದ ಟೆಫ್ಲಾನ್ ಜಾಲರಿಯ ಸಣ್ಣ ರಂಧ್ರಗಳಲ್ಲಿ ಈ ಆಮ್ಲದ ಪಾಲಿಮರ್ ತುಂಬಿದ ಪೊರೆ ಬಳಸುತ್ತಾರೆ. ಬಲ ಜಾಲರಿಯದ್ದು, ಪ್ರೋಟಾನ್ ದಾಟಿಸುವ ಕೆಲಸ ಒಳಗೆ ತುಂಬಿದ ಪಾಲಿಮರ್‌ದು.