ಪ್ರೈವೇಟ್ ರಿಜಿಸ್ಟ್ರಿ: 404 ನೋಡಿ ಮೋಸ ಹೋಗಬೇಡಿ

ರಿಜಿಸ್ಟ್ರಿ ಅಂದರೆ ಪ್ಯಾಕೇಜುಗಳ, ಅಂದರೆ ಬಳಸಲು ಸಿದ್ಧವಾಗಿ ಕಟ್ಟಿಟ್ಟ ಕೋಡಿನ, ಉಗ್ರಾಣ, ಅಷ್ಟೇ. ಪ್ರೈವೇಟ್ ಆದರೆ ಬಾಗಿಲಲ್ಲಿ ಟೋಕನ್ (ಪಾಸ್‌ವರ್ಡಿನಂಥ ಗುಟ್ಟಿನ ಅಕ್ಷರಗಳು) ಕೇಳುತ್ತದೆ. ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು ತಂದುಕೊಡುವ ಎನ್‌ಪಿಎಂಗೆ ಇದನ್ನೆಲ್ಲ ಹೇಳುವುದು ಡಾಟ್ ಎನ್‌ಪಿಎಂಆರ್‌ಸಿ ಎಂಬ ಪುಟ್ಟ ಫೈಲು.

ಅದರಲ್ಲಿ ಬೇಕಾದದ್ದು ಎರಡು ಸಾಲು. ಒಂದು, @ ಇಂದ ಶುರುವಾಗುವ ಸ್ಕೋಪ್ ಹೆಸರಿನ ಪ್ಯಾಕೇಜನ್ನು ಯಾವ ಸರ್ವರ್‌ನಿಂದ ತರಬೇಕು ಅನ್ನೋದು. ಇನ್ನೊಂದು, ಆ ಸರ್ವರ್‌ಗೆ ತೋರಿಸಬೇಕಾದ ಟೋಕನ್. ಮೊದಲನೆಯದರಲ್ಲಿ ಎಚ್‌ಟಿಟಿಪಿಎಸ್ ಸಮೇತ ಪೂರ್ತಿ ವಿಳಾಸ ಬರೆಯಬೇಕು. ಎರಡನೆಯದರಲ್ಲಿ ಎಚ್‌ಟಿಟಿಪಿಎಸ್ ಇರಲೇಬಾರದು! ಸಾಲು ನೇರವಾಗಿ // ಇಂದ ಶುರು. ಆಮೇಲೆ ವಿಳಾಸ, ಕೊನೆಯ ಸ್ಲ್ಯಾಶ್, ಕೋಲನ್, ಅಂಡರ್‌ಸ್ಕೋರ್ ಹಾಕಿ ಆತ್‌ಟೋಕನ್. ನಾನು ಮೇಲಿನ ಸಾಲನ್ನೇ ಕಾಪಿ ಮಾಡಿ ಕೆಳಗೆ ಅಂಟಿಸಿದ್ದೆ. ಒಂದಿಡೀ ಸಂಜೆ ಹೋಯಿತು.

ಯಾಕೆ ಅಷ್ಟು ಹೊತ್ತು? ಬಂದ ಎರರ್ 401 (ಗುರುತು ತೋರಿಸಿ) ಅಲ್ಲ, 404 (ಸಿಗಲಿಲ್ಲ). ಪ್ಯಾಕೇಜೇ ಇಲ್ಲವೇನೋ ಅಂದುಕೊಂಡು ಹೆಸರಿನ ಸ್ಪೆಲಿಂಗನ್ನು ಹತ್ತು ಸಲ ನೋಡಿದೆ. ಅನುಮತಿ ಇಲ್ಲದವರಿಗೆ ಪ್ಯಾಕೇಜ್ ಇದೆ ಅನ್ನೋದೂ ಗೊತ್ತಾಗಬಾರದು ಅಂತ ಎಷ್ಟೋ ರಿಜಿಸ್ಟ್ರಿಗಳು ಬೇಕಂತಲೇ 404 ಕೊಡುತ್ತವೆ. ಮನೆಯಲ್ಲೇ ಇದ್ದು "ಯಾರೂ ಇಲ್ಲ" ಅಂದ ಹಾಗೆ.

ಈಗ ನಾನು ಮೊದಲು ನೋಡುವುದು ಎರರ್ ಸಾಲಿನಲ್ಲಿರುವ ಯುಆರ್‌ಎಲ್. ಅಲ್ಲಿ ಎನ್‌ಪಿಎಂನ ಪಬ್ಲಿಕ್ ವಿಳಾಸ ಕಂಡರೆ ಸ್ಕೋಪ್ ಸಾಲು ಓದಿಯೇ ಇಲ್ಲ: ಫೈಲು ಬೇರೆ ಫೋಲ್ಡರಿನಲ್ಲಿದೆ, ಇಲ್ಲವೇ ಆ್ಯಪನ್ನು ಕಂಟೇನರ್ ಆಗಿ ಕಟ್ಟುವ ಡಾಕರ್ ಬಿಲ್ಡ್‌ನಲ್ಲಿ ಇನ್‌ಸ್ಟಾಲ್‌ಗೆ ಮುಂಚೆ ಕಾಪಿ ಆಗಿಲ್ಲ. ನಮ್ಮದೇ ಸರ್ವರ್ ವಿಳಾಸ ಇದ್ದರೆ ಮೊದಲ ಅನುಮಾನ ಟೋಕನ್ ಮೇಲೆ. ಫೈಲಿನಲ್ಲಿ ಟೋಕನ್ ಬದಲು ಎನ್ವಿರಾನ್ಮೆಂಟ್ ವೇರಿಯಬಲ್ (ಸಿಸ್ಟಮ್‌ನಲ್ಲಿ ಹೊರಗಿಟ್ಟ ಬೆಲೆ) ಹೆಸರು ಬರೆದು, ಅದು ಸೆಟ್ ಆಗಿರದಿದ್ದರೆ ಡಾಲರ್ ಚಿಹ್ನೆ, ಬ್ರಾಕೆಟ್ ಎಲ್ಲ ಸೇರಿ ಆ ಅಕ್ಷರಗಳೇ ಟೋಕನ್ ಆಗಿ ಹೋಗುತ್ತವೆ. ತಮಾಷೆ ಅಲ್ವಾ? ಹಾಗಂತ ನಿಜವಾದ ಟೋಕನನ್ನೇ ಫೈಲಿನಲ್ಲಿ ಬರೆದು ಗಿಟ್‌ಗೆ ಹಾಕಬೇಡಿ.

ಸುಮ್ನೆ ಅಭ್ಯಾಸಕ್ಕೆ ವೆರ್ಡಾಚಿಯೋ ಎಂಬ ಪುಟ್ಟ ಪ್ರೈವೇಟ್ ರಿಜಿಸ್ಟ್ರಿ ಸಾಕು. ನಮ್ಮ ಕಂಪ್ಯೂಟರಿನಲ್ಲೇ 4873 ಪೋರ್ಟ್‌ನಲ್ಲಿ ಓಡುತ್ತದೆ.

ಪೈಥಾನಿನವರಿಗೆ ಒಂದು ಮಾತು. ಪೈಥಾನ್ ಪ್ಯಾಕೇಜು ತರುವ ಪಿಪ್‌ನಲ್ಲಿ ಎಕ್ಸ್‌ಟ್ರಾ ಇಂಡೆಕ್ಸ್ ಯುಆರ್‌ಎಲ್, ಅಂದರೆ ಪಬ್ಲಿಕ್ ಜೊತೆಗೆ ಪ್ರೈವೇಟ್ ರಿಜಿಸ್ಟ್ರಿಯ ವಿಳಾಸವನ್ನೂ, ಕೊಟ್ಟರೆ ಅದು ಪ್ರೈವೇಟನ್ನೇ ಮೊದಲು ನೋಡುವುದಿಲ್ಲ. ಎರಡೂ ಕಡೆ ಹುಡುಕಿ, ವರ್ಷನ್ ಯಾವುದು ಜಾಸ್ತಿಯೋ ಅದನ್ನು ತರುತ್ತದೆ. ಒಳಗಿನ ಪ್ಯಾಕೇಜಿನ ಹೆಸರಲ್ಲೇ ಯಾರೋ ಹೊರಗೆ ದೊಡ್ಡ ನಂಬರಿನದು ಹಾಕಿದರೆ ಬರುವುದು ಅವರದೇ. 2021ರಲ್ಲಿ ಅಲೆಕ್ಸ್ ಬಿರ್ಸನ್ ಎಂಬ ಸಂಶೋಧಕ ಇದೇ ದಾರಿಯಲ್ಲಿ ಆಪಲ್, ಮೈಕ್ರೋಸಾಫ್ಟ್ ಸೇರಿ 35ಕ್ಕೂ ಹೆಚ್ಚು ಕಂಪನಿಗಳ ಒಳಗೆ ತನ್ನ ಕೋಡ್ ಓಡಿಸಿ ತೋರಿಸಿದ. ಅದಕ್ಕೇ ನಾನು ಇಂಡೆಕ್ಸ್ ಯುಆರ್‌ಎಲ್ ಒಂದನ್ನೇ ಕೊಟ್ಟು, ಪಬ್ಲಿಕ್ ಪ್ಯಾಕೇಜುಗಳನ್ನೂ ನಮ್ಮ ಸರ್ವರ್ ಮೂಲಕವೇ ತರಿಸುತ್ತೇನೆ.