ನಕಲು ಬೇರೆ, ನಕಲಿ ಬೇರೆ

‘ಮಡಿಕೇರಿ ಕೋರ್ಟಿನಿಂದ ತೀರ್ಪಿನ ನಕಲಿ ಪ್ರತಿ ತಂದಿದ್ದೇವೆ.’ ಕೊಡಗಿನ ಜಮ್ಮಾ ಜಾಗದ, ಅಂದರೆ ವಂಶಪಾರಂಪರ್ಯವಾಗಿ ಬಂದ ಕುಟುಂಬದ ಜಮೀನಿನ, ಪಾಲಿನ ಮಾತು ಬಂದಲ್ಲೆಲ್ಲ ಈ ವಾಕ್ಯ ಕಣ್ಣಿಗೆ ಬೀಳುತ್ತದೆ. ನಕಲಿ ಎಂದರೆ ಖೋಟಾ. ಖೋಟಾ ತೀರ್ಪು ಸೃಷ್ಟಿಸುವುದು ಜೈಲುಶಿಕ್ಷೆಯ ಅಪರಾಧ. ಕೋರ್ಟು ಕೊಡುವುದು ನಕಲು. ಪೂರ್ತಿ ಹೆಸರು ದೃಢೀಕೃತ ನಕಲು.

ಅರಬ್ಬಿಯ ‘ನಕ್ಲ್’ ಎಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು. ಬರಹವನ್ನು ಒಂದು ಹಾಳೆಯಿಂದ ಇನ್ನೊಂದಕ್ಕೆ ಸಾಗಿಸಿದರೆ ಅದು ಪ್ರತಿ ಮಾಡುವುದು. ಅಸಲು ಎಂದರೆ ಬೇರು, ಮೂಲ. ಅಸಲು–ನಕಲು ಜೋಡಿಯಲ್ಲಿ ಮೋಸದ ವಾಸನೆಯೇ ಇರಲಿಲ್ಲ. ಅನುಕರಣೆ ಎಂಬ ಅರ್ಥ ಬೆಳೆದು ‘ನಕಲಿ’ ಖೋಟಾ ಆಯಿತು, ಪರೀಕ್ಷೆಯ ಕಾಪಿಗೂ ‘ನಕಲು’ ಅಂಟಿತು. ಕಚೇರಿಯ ನಕಲು ಮಾತ್ರ ಹಳೆಯ ಅರ್ಥದಲ್ಲೇ ನಿಂತಿದೆ. ಇನ್ನು ‘ದೃಢೀಕೃತ’ದ ನಡುವಿನ ಆ ‘ಈ’ ಸಂಸ್ಕೃತದ ಚ್ವಿ ಪ್ರತ್ಯಯದ ಗುರುತು: ಮೊದಲು ದೃಢವಲ್ಲದ್ದು ಈಗ ದೃಢವಾಯಿತು ಎಂದರ್ಥ. ಬರೀ ಹಾಳೆಯನ್ನು ಸಾಕ್ಷ್ಯವಾಗಿಸುವುದು ಅಸಲನ್ನು ವಶದಲ್ಲಿಟ್ಟುಕೊಂಡ ಅಧಿಕಾರಿಯ ಸಹಿ, ಮೊಹರು, ದಿನಾಂಕ. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಜೆರಾಕ್ಸ್ ಮೇಲೆ ಒತ್ತಿದ ಮೊಹರು ಅದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 75ನೇ ಕಲಂ ಹೇಳುವುದೂ ಇದನ್ನೇ. ನ್ಯಾಯಾಲಯಗಳ ಇ-ಕೋರ್ಟ್ಸ್ ಜಾಲತಾಣದಿಂದ ಇಳಿಸಿಕೊಂಡ ತೀರ್ಪು ಓದಲು ಸಾಕು, ಹಾಜರುಪಡಿಸಲು ಸಾಲದು.

ಜಾಲತಾಣದಲ್ಲಿ ಪ್ರತಿ ಪ್ರಕರಣಕ್ಕೂ ಇರುವ 16 ಅಕ್ಷರ-ಅಂಕಿಗಳ ಗುರುತು, ಸಿಎನ್‌ಆರ್ ಸಂಖ್ಯೆ, ಹಾಕಿದರೆ ಪ್ರಕರಣ ನೇರ ಸಿಗುತ್ತದೆ. ಅದಿಲ್ಲದಿದ್ದರೆ ಪಕ್ಷಗಾರರ ಹೆಸರು ಮತ್ತು ವರ್ಷ. ಕೊಡವ ಹೆಸರುಗಳಲ್ಲಿ ಎಡವಟ್ಟಾಗುವುದು ಇಲ್ಲೇ: ಒಂದು ಕಡತದಲ್ಲಿ ಮನೆಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಷಿಯಲ್, ಇಂಗ್ಲಿಷ್ ಕಾಗುಣಿತವೂ ಬೇರೆ. ಮನೆಹೆಸರಿನಿಂದ ಒಮ್ಮೆ, ಸ್ವಂತ ಹೆಸರಿನಿಂದ ಒಮ್ಮೆ ಹುಡುಕಿ. ಎಸಿ (ಉಪವಿಭಾಗಾಧಿಕಾರಿ) ಕೋರ್ಟ್, ಡಿಸಿ (ಜಿಲ್ಲಾಧಿಕಾರಿ) ಕೋರ್ಟ್ ಕಂದಾಯ ಇಲಾಖೆಯವು. ಅವುಗಳ ಕಡತಕ್ಕೆ ಆಯಾ ಕಚೇರಿಗೇ ಅರ್ಜಿ ಹಾಕಬೇಕು.

ಪ್ರಕರಣ ನಡೆದ ನ್ಯಾಯಾಲಯದ ನಕಲು ಶಾಖೆಗೆ ಕೋರ್ಟ್ ಫೀ ಸಹಿತ ಅರ್ಜಿ ಕೊಡಿ. ‘ಎಲ್ಲ ದಾಖಲೆ’ ಎಂದು ಬರೆಯಬೇಡಿ. ತೀರ್ಪೋ, ಡಿಕ್ರಿಯೋ, ಯಾವ ಸಾಕ್ಷಿಯ ಹೇಳಿಕೆಯೋ ಬಿಡಿಸಿ ಬರೆಯಿರಿ. ತೀರ್ಪು ಕಾರಣಗಳ ಬರಹ, ಡಿಕ್ರಿ ಅದರ ಔಪಚಾರಿಕ ಫಲಿತಾಂಶ, ಎರಡನ್ನೂ ಕೇಳಬೇಕು. ಮುಗಿದ ಪ್ರಕರಣದ ಕಡತ ರೆಕಾರ್ಡ್ ರೂಮ್ ಸೇರಿರುತ್ತದೆ, ಹಾಗಾಗಿ ಇತ್ಯರ್ಥದ ದಿನಾಂಕವೂ ಇರಲಿ.

ನಕಲು ಕೈಗೆ ಬಂದಾಗ ಅದರ ಮೇಲಿನ ದಿನಾಂಕಗಳ ಮೊಹರು ನೋಡಿ: ಅರ್ಜಿ ಕೊಟ್ಟ ದಿನ, ಶುಲ್ಕ ಕಟ್ಟಿದ ದಿನ, ನಕಲು ಸಿದ್ಧವಾದ ದಿನ. ಮೇಲ್ಮನವಿಯ ಗಡುವಿನ ಲೆಕ್ಕ ಈ ದಿನಾಂಕಗಳನ್ನೇ ಅವಲಂಬಿಸಿದೆ. ವಿರಾಜಪೇಟೆಯ ಸಿವಿಲ್ ಕೋರ್ಟ್ ಮಾರ್ಚ್ 1ರಂದು ಡಿಕ್ರಿ ಮಾಡಿತೆನ್ನಿ. ಜಿಲ್ಲಾ ನ್ಯಾಯಾಲಯಕ್ಕೆ ಹೋಗಲು 30 ದಿನ, ಅಂದರೆ ಮಾರ್ಚ್ 31ರವರೆಗೆ. ಮಾರ್ಚ್ 21ಕ್ಕೆ ಅರ್ಜಿ ಕೊಟ್ಟು ಏಪ್ರಿಲ್ 1ಕ್ಕೆ ನಕಲು ಸಿದ್ಧವಾದರೆ ಆ 12 ದಿನ ಲೆಕ್ಕದಿಂದ ಬಿಟ್ಟುಹೋಗಿ ಗಡುವು ಏಪ್ರಿಲ್ 12 ಆಗುತ್ತದೆ. ಅರ್ಜಿಯನ್ನೇ ಏಪ್ರಿಲ್ 2ಕ್ಕೆ ಕೊಟ್ಟರೆ ಒಂದು ದಿನವೂ ಸಿಗದು. ಶುಲ್ಕ ಕಟ್ಟಲು ನೀವು ಮಾಡಿದ ವಿಳಂಬಕ್ಕೂ ಮಾಫಿಯಿಲ್ಲ.

ಪ್ರಕರಣದಲ್ಲಿ ಇಲ್ಲದವರೂ ನಕಲು ಕೇಳಬಹುದು, ಆದರೆ ಏಕೆ ಬೇಕೆಂದು ಕಾರಣ ತೋರಿಸಬೇಕು. ಮಾಹಿತಿ ಹಕ್ಕಿನ ಅರ್ಜಿ ಇಲ್ಲಿ ನಡೆಯದು. ನ್ಯಾಯಾಲಯದ ನಿಯಮಗಳಲ್ಲಿ ದಾರಿಯಿರುವಾಗ ಆ ದಾರಿಯಲ್ಲೇ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.